ರವಿವಾರ ಬ್ಯಾಜ್ ತರೋರ ಗಮನಕ್ಕ

ನಮಸ್ಕಾರ್ರೀ. ಈ ರವಿವಾರ ಮುಂಜಾನೆ 10ಕ್ಕ ಬೆಳಗಾವಿ ಟಿಳಕವಾಡಿ ನಮ್ಮ ಮನ್ಯಾಗ ಸ್ಕೌಟ್ ಬಟ್ಟಿ ಬ್ಯಾಜ್ ಅದಲಾಬದಲಿ ಐತಿ. ಗುಂಪಿನ್ಯಾಗ ಫೋಟೋ ಹಾಕೋವಾಗ ಹಿಂದಿನ ಮಗ್ಗಲದ್ದೂ ಹಾಕ್ರಿ. ಅಂಚು ಬರೇ ಕತ್ತರಿಸಿದ್ದೋ, ದಪ್ಪ ದಾರ ಸುತ್ತಿ ಹೊಲದದ್ದೋ, ಬೆನ್ನಿಗೆ ಪ್ಲಾಸ್ಟಿಕ್ ಐತೋ ಇಲ್ಲೋ, ಒಂದ ಥರ ಕಾಣೋ ಬ್ಯಾಜಿನಾಗ ಫರಕು ಇರೋದ ಅಲ್ಲಿ. ನನ್ನ ಹತ್ರ ಒಂದ ಕ್ಯಾಂಪಿನವು ಎರಡು ಅದಾವು. ಒಂದರಾಗ ನೇರಳೆ ಇರೋ ಜಾಗಾದಾಗ ನೀಲಿ ದಾರ!

ಬಿಸಿಲಿಗೆ ಮಾಸಿದ್ದನ್ನ ‘ಅಪರೂಪದ ಬಣ್ಣ’ ಅಂತ ಮಾರತಾರ, ಹುಷಾರು. ನಾನೂ ಒಮ್ಮೆ ರೊಕ್ಕ ಕಳಕೊಂಡೀನಿ. ತಿರುವಿ ನೋಡ್ರಿ, ಹಿಂದ ದಾರದ ಖರೇ ಬಣ್ಣ ಉಳದಿರತೈತಿ. ಭಾರತ್ ಸ್ಕೌಟ್ಸ್ ಆ್ಯಂಡ್ ಗೈಡ್ಸ್ ಹುಟ್ಟಿದ್ದ 1950ರ ನವೆಂಬರ್ 7ಕ್ಕ. ಆ ಹೆಸರಿನ ಬ್ಯಾಜ್ ‘ಬ್ರಿಟಿಷರ ಕಾಲದ್ದು’ ಅಂದ್ರ ನಂಬಬ್ಯಾಡ್ರಿ.

ತೊಳದು ಇಸ್ತ್ರಿ ಮಾಡಿ ತರಬ್ಯಾಡ್ರಿ. ಚಹಾ, ಕುಂದಾ ನಮ್ಮ ಕಡಿಂದ.