ಕರಾವಳಿಗೆ ಉಗಿರೈಲು ಬರಲಿ, ಅದಕ್ಕೆ ಮೊದಲು ನೀರು ಮತ್ತು ತಂತಿಯ ಲೆಕ್ಕವಾಗಲಿ: ರೈಲ್ವೆ ರಾಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ವಿ. ಸೋಮಣ್ಣ ಅವರಿಗೆ,
ರೈಲ್ವೆ ಖಾತೆ ರಾಜ್ಯ ಸಚಿವರು, ಭಾರತ ಸರ್ಕಾರ

ಮಾನ್ಯರೇ,

ಮಂಗಳೂರಿನಿಂದ ಹೊರಟು ಉಡುಪಿ, ಬೈಂದೂರು, ಮುರ್ಡೇಶ್ವರಗಳ ಮೂಲಕ ಶರಾವತಿ ಸೇತುವೆಯವರೆಗೆ ಹೋಗಿಬಂದು, ಕೊನೆಯ ದಿನ ಡೀಸೆಲ್ ನೆರವಿನಿಂದ ಸಕಲೇಶಪುರದ ಘಾಟಿ ಹತ್ತುವ ಮೂರು ದಿನಗಳ ಉಗಿರೈಲು ಪ್ರವಾಸವನ್ನು ರೈಲ್ವೆ ನಡೆಸಬೇಕು ಎಂಬುದು ನಮ್ಮ ಬೇಡಿಕೆ. ಉಗಿ ಎಂಜಿನ್ ನೋಡಲೆಂದೇ ಡಾರ್ಜಿಲಿಂಗಿಗೂ ಊಟಿಗೂ ದೂರದೂರದಿಂದ ಜನ ಬರುತ್ತಾರೆ. ಅವೆರಡೂ ಸಣ್ಣ ಗೇಜಿನ ಬೆಟ್ಟದ ರೈಲುಗಳು. ದೊಡ್ಡ ಬ್ರಾಡ್‌ಗೇಜ್ ಎಂಜಿನ್ ಕಡಲ ಪಕ್ಕದಲ್ಲಿ, ಹೊಳೆಯ ಮೇಲೆ, ತೆಂಗಿನ ತೋಟಗಳ ನಡುವೆ ಓಡುವುದನ್ನು ತೋರಿಸಬಲ್ಲ ಜಾಗ ನಮ್ಮ ಕರಾವಳಿ.

ಹಾಗೆಂದು ಘೋಷಣೆಗೆ ಅವಸರ ಮಾಡಬೇಡಿ. ಮೊದಲು ಸಂಬಂಧಪಟ್ಟ ಅಧಿಕಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಜಂಟಿ ಪರಿಶೀಲನೆಗೆ ಆದೇಶ ಕೊಡಿ. ಎಂಜಿನ್ ತರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಅದಕ್ಕೆ ನೀರು ಎಲ್ಲಿ, ಹಳಿಯ ಮೇಲಿನ ಯಾವ ವಿದ್ಯುತ್ ತಂತಿಯ ಕೆಳಗೆ, ಯಾರ ಅನುಮತಿಯಿಂದ ತುಂಬಿಸುತ್ತೀರಿ ಎಂಬುದಕ್ಕೆ ಉತ್ತರ ಸಿಗದಿದ್ದರೆ ಪ್ರವಾಸ ಮೊದಲ ದಿನವೇ ನಿಲ್ಲುತ್ತದೆ.

ಎಂಜಿನ್ ವಿಚಾರ ಬೇಗ ಮುಗಿಸೋಣ. ಚೆನ್ನೈನಲ್ಲಿರುವ ಇಐಆರ್ 21 ಹತ್ತಿರದ್ದು, ಆದರೆ ಅದು 1855ರ ಪುಟ್ಟ ಎಂಜಿನ್. ಪ್ರದರ್ಶನಕ್ಕೆ ಚೆನ್ನ, ಮೂರು ದಿನದ ದುಡಿಮೆಗೆ ಅಲ್ಲ. ಬೇಕಾಗಿರುವುದು ಹರಿಯಾಣದ ರೇವಾಡಿ ಶೆಡ್ಡಿನಲ್ಲಿರುವ ಡಬ್ಲ್ಯುಪಿ ವರ್ಗದ ಎಂಜಿನ್. ಮೂತಿ ಚೂಪಾಗಿ, ಅದರ ಮೇಲೆ ನಕ್ಷತ್ರವಿರುವ ಈ ಎಂಜಿನ್‌ಗಳು 1947ರಿಂದ ದೇಶದ ಎಕ್ಸ್‌ಪ್ರೆಸ್ ರೈಲುಗಳನ್ನು ಎಳೆದವು. ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್ ಎಂಬ ಗಾಡಿ ಸೇರಿ ತೂಕ ಸುಮಾರು 170 ಟನ್. ಟೆಂಡರಿನಲ್ಲಿ ಸುಮಾರು 25,000 ಲೀಟರ್ ನೀರು, 15 ಟನ್ ಕಲ್ಲಿದ್ದಲು ಹಿಡಿಯುತ್ತದೆ.

ಏಳು ಬೋಗಿ ಎಳೆಯುವ ಇಂಥ ಎಂಜಿನ್ ಸಮತಟ್ಟಿನಲ್ಲಿ ಕಿಲೋಮೀಟರಿಗೆ 100ರಿಂದ 120 ಲೀಟರ್ ನೀರು ಕುಡಿಯುತ್ತದೆ ಎಂದು ಹಿಡಿಯಬೇಕು. ಕಾಗದದ ಲೆಕ್ಕದಲ್ಲಿ ಒಂದು ಟೆಂಡರ್ ನೀರಿಗೆ 200 ಕಿ.ಮೀ. ದಾಟಬಹುದು. ಆ ಲೆಕ್ಕ ನಂಬಬಾರದು. ಸಿಂಗಲ್ ಲೈನಿನಲ್ಲಿ ಎದುರಿನ ರೈಲು ದಾಟಲಿ ಎಂದು ಕಾಯುವಾಗಲೂ ಬೆಂಕಿ ಉರಿಯುತ್ತಲೇ ಇರುತ್ತದೆ, ಸೇಫ್ಟಿ ವಾಲ್ವ್ ಎದ್ದು ಉಗಿ ಹಾರುತ್ತಲೇ ಇರುತ್ತದೆ. ಕಾಲುಭಾಗ ನೀರು ಯಾವತ್ತೂ ಉಳಿದಿರಬೇಕು. ಇದೆಲ್ಲ ಸೇರಿಸಿದರೆ 100 ಕಿ.ಮೀ.ಗೊಮ್ಮೆ ನೀರು ಎಂಬುದೇ ಸರಿಯಾದ ಯೋಜನೆ. ಮಂಗಳೂರು ಜಂಕ್ಷನ್, ಉಡುಪಿ, ಮುರ್ಡೇಶ್ವರ, ಈ ಮೂರು ಕಡೆ ವ್ಯವಸ್ಥೆ ಇದ್ದರೆ ಸಾಕು.

ಮಂಗಳೂರು ಸೆಂಟ್ರಲ್‌ಗೆ ರೈಲು ಬಂದದ್ದು 1907ರಲ್ಲಿ, ಉಗಿಯ ಕಾಲದಲ್ಲಿ. ಕೊಂಕಣ ರೈಲು ಹಾಗಲ್ಲ. ಮಂಗಳೂರು–ಉಡುಪಿ ನಡುವೆ 1993ರಲ್ಲಿ, ಇಡೀ ಮಾರ್ಗದಲ್ಲಿ 1998ರಲ್ಲಿ ಓಡಾಟ ಶುರುವಾದಾಗ ಡೀಸೆಲ್ ಕಾಲ ಬಂದಾಗಿತ್ತು. ಹಾಗಾಗಿ ಕೊಂಕಣ ರೈಲು ಶುರುವಾಗುವ ತೋಕೂರಿನಿಂದ ಉತ್ತರಕ್ಕೆ ಎಂಜಿನ್ನಿಗೆ ನೀರು ಬಿಡುವ ಕಂಬ, ಬೂದಿ ಗುಂಡಿ, ಎಂಜಿನ್ ತಿರುಗಿಸುವ ಮೇಜು ಯಾವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಟ್ಯಾಂಕರೇ ಗತಿ. 12,000 ಲೀಟರಿನ ಎರಡು ಟ್ಯಾಂಕರ್ ಹಳಿಯ ಪಕ್ಕಕ್ಕೇ ಬರಲು ದಾರಿ ಇದೆಯೇ, ನಿಮಿಷಕ್ಕೆ 500 ಲೀಟರ್ ಎತ್ತುವ ಪಂಪು ಸಿಗುತ್ತದೆಯೇ ಎಂದು ಮೊದಲೇ ನೋಡಬೇಕು. ಅಂಥ ಪಂಪಿದ್ದರೂ ಖಾಲಿ ಟೆಂಡರ್ ತುಂಬಲು 50 ನಿಮಿಷ. ತೋಟಕ್ಕೆ ನೀರು ಹಾಯಿಸುವ ಸಣ್ಣ ಪಂಪು ಇಟ್ಟರೆ ಎರಡು ಗಂಟೆ ಹೋಗಿ, ಹಿಂದಿನ ರೈಲುಗಳೆಲ್ಲ ಕಾಯುತ್ತವೆ.

ನೀರಿನ ಗುಣವೂ ಮುಖ್ಯ. ಕುಂದಾಪುರ, ಬೈಂದೂರಿನ ಹಿನ್ನೀರಿನ ಬದಿಯ ಬಾವಿಗಳಿಗೆ ಉಪ್ಪು ಏರುವುದು ಊರವರಿಗೆಲ್ಲ ಗೊತ್ತು. ಅಂಥ ನೀರು ಬಾಯ್ಲರಿಗೆ ಹೋದರೆ ನೊರೆ ಎದ್ದು, ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಉಗಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಎದುರಿಗೆ ನೀರು ಸಿಕ್ಕಿಕೊಂಡರೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಟ್ಯಾಂಕರ್ ತುಂಬಿಸುವ ಪ್ರತಿಯೊಂದು ಮೂಲದ ನೀರನ್ನೂ ಒಂದು ತಿಂಗಳು ಮೊದಲೇ ಪ್ರಯೋಗಾಲಯಕ್ಕೆ ಕಳಿಸಿ, ಉಪ್ಪು ಮತ್ತು ಗಡಸುತನದ ವರದಿ ತರಿಸಬೇಕು.

ಇನ್ನು ತಂತಿ. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ತಿಯಾಯಿತು. ಹಳಿಯಿಂದ ಸುಮಾರು ಐದೂವರೆ ಮೀಟರ್ ಮೇಲೆ 25,000 ವೋಲ್ಟ್ ಹರಿಯುತ್ತಿರುತ್ತದೆ. ತಂತಿಯ ಕೆಳಗೆ ಉಗಿ ಎಂಜಿನ್ ಓಡಬಹುದು, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ನಿಂತಾಗ. ನೀರು ತುಂಬುವ ಬಾಯಿ ಟೆಂಡರಿನ ಮೇಲಿದೆ. ಮೆದುಕೊಳವೆ ಹಿಡಿದು ಒಬ್ಬ ಅಲ್ಲಿ ನಿಂತರೆ ಅವನ ತಲೆಗೂ ತಂತಿಗೂ ನಡುವೆ ಒಂದು ಗೇಣು ಉಳಿದರೆ ಹೆಚ್ಚು. ಕರೆಂಟಿರುವ ತಂತಿಯಿಂದ ಎರಡು ಮೀಟರ್ ದೂರ ಇರಬೇಕು ಎಂಬುದು ನಿಯಮ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಕಲ್ಲಿದ್ದಲಿನದೂ ಇದೇ ಕಥೆ. ಮೂರು ದಿನಕ್ಕೆ ಓಡಲು, ರಾತ್ರಿ ಬೆಂಕಿ ಕಾಯ್ದಿಡಲು ಸೇರಿ 12 ಟನ್ ಸಾಕು, ಅಂದರೆ ಒಮ್ಮೆ ತುಂಬಿದರೆ ಮುಗಿಯಿತು. ಆದರೆ ಎರಡನೇ ದಿನದ ಹೊತ್ತಿಗೆ ಮುಂದಿನ ಕಲ್ಲಿದ್ದಲು ತೀರಿ, ಹಿಂದಿನದನ್ನು ಯಾರಾದರೂ ಮೇಲೆ ಹತ್ತಿ ಸಲಿಕೆಯಿಂದ ಮುಂದಕ್ಕೆ ತಳ್ಳಬೇಕು. ಅವಘಡ ಆಗುವುದು ಈ ಗಳಿಗೆಯಲ್ಲಿ.

ಆದ್ದರಿಂದ ನಮ್ಮ ಮುಖ್ಯ ಕೋರಿಕೆ ಇದು: ಮೂರೂ ನಿಲ್ದಾಣಗಳಲ್ಲಿ ಮೈನ್ ಲೈನಿನ ಪಕ್ಕದ ತಲಾ ಒಂದು ಲೂಪ್ ಲೈನಿನ ತಂತಿಗೆ ಪ್ರತ್ಯೇಕ ಐಸೊಲೇಟರ್, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಇರಬೇಕು. ಮೈನ್ ಲೈನಿನಲ್ಲಿ ರೈಲುಗಳು ಓಡುತ್ತಿರುವಾಗಲೇ ಆ ಲೂಪಿನ ಕರೆಂಟ್ ಮಾತ್ರ ತೆಗೆಯುವಂತಾಗಬೇಕು. ಕರೆಂಟ್ ತೆಗೆದು, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ರಾಡ್ ಎರಡೂ ಕಡೆ ಸಿಕ್ಕಿಸಿ, ಬರಹದ ಪರ್ಮಿಟ್ ಕೈಗೆ ಬಂದ ಮೇಲಷ್ಟೇ ಯಾರೇ ಆಗಲಿ ಟೆಂಡರ್ ಹತ್ತಬೇಕು. ಫೋನಿನಲ್ಲಿ ಹೇಳಿದ 'ಆಯ್ತು' ಇಲ್ಲಿ ನಡೆಯಬಾರದು. ಚಿಮಣಿಯು ತಂತಿ ಹಿಡಿದಿರುವ ಇನ್ಸುಲೇಟರಿನ ನೇರ ಕೆಳಗೆ ನಿಲ್ಲದಂತೆ ಹಳಿಯ ಪಕ್ಕ ಗುರುತು ಹಾಕಬೇಕು, ಮಸಿ ಕೂತ ಇನ್ಸುಲೇಟರ್ ಕಿಡಿ ಹಾರಿಸುತ್ತದೆ. ಬೆಂಕಿಪೆಟ್ಟಿಗೆಯಿಂದ ಕೆದರಿದ ಕೆಂಡ ಸಿಗ್ನಲ್ ಕೇಬಲ್ ಮೇಲೆ ಬೀಳಬಾರದು, ತಗಡಿನ ತಟ್ಟೆ ಇಟ್ಟು ಬೂದಿ ತೆಗೆಯಬೇಕು.

ಎಂಜಿನ್ ತಿರುಗಿಸುವ ಸಮಸ್ಯೆಗೆ ಸುಲಭದ ದಾರಿ ಇದೆ. ರೈಲಿನ ಇನ್ನೊಂದು ತುದಿಗೆ ಡೀಸೆಲ್ ಎಂಜಿನ್ ಕಟ್ಟಿ. ಹೋಗುವಾಗ ಉಗಿ ಮುಂದೆ, ಬರುವಾಗ ಡೀಸೆಲ್ ಮುಂದೆ. ಉಗಿ ಎಂಜಿನ್ ದಾರಿಯಲ್ಲಿ ಕೆಟ್ಟರೂ ಸಿಂಗಲ್ ಲೈನ್ ಕಟ್ಟಿಹೋಗುವುದಿಲ್ಲ. ಬೋಗಿಗಳು ಹಳೆಯ ಐಸಿಎಫ್ ಮಾದರಿಯವೇ ಆಗಬೇಕು. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯ ಕೊಂಡಿ ಬೇರೆ, ಉಗಿ ಎಂಜಿನ್ನಿನ ಸ್ಕ್ರೂ ಕಪ್ಲಿಂಗಿಗೆ ಅದು ಕೂಡುವುದಿಲ್ಲ. ಎಂಜಿನ್ ಮೂಲದಲ್ಲಿ ವ್ಯಾಕ್ಯೂಮ್ ಬ್ರೇಕಿನದು, ಇಂದಿನ ಬೋಗಿಗಳು ಏರ್ ಬ್ರೇಕಿನವು. ಏರ್ ಬ್ರೇಕ್ ಜೋಡಿಸಿರುವ ಎಂಜಿನ್ನನ್ನೇ ಕಳಿಸಬೇಕೆಂದು ರೇವಾಡಿಗೆ ಹೋಗುವ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕಿಟಕಿ ತೆರೆಯುವ ನಾನ್ ಎಸಿ ಬೋಗಿಗಳೇ ಹೆಚ್ಚಿರಲಿ. ಇಂಥ ಪ್ರವಾಸಕ್ಕೆ ಜನ ಬರುವುದು ಎಂಜಿನ್ನಿನ ಸದ್ದು ಕೇಳಲು.

ಘಾಟಿಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇವೆ: ಅಲ್ಲಿ ಉಗಿ ಎಂಜಿನ್ ಬೇಡ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳು, 50 ಅಡಿಗೆ ಒಂದಡಿ ಏರು. ಎಂಜಿನ್, ಏಳು ಬೋಗಿ ಸೇರಿ 520 ಟನ್ ಎನ್ನಿ. ಆ ಏರಿನಲ್ಲಿ ಟನ್ನಿಗೆ ಸುಮಾರು 25 ಕಿಲೋ ಎಳೆತ ಬೇಕು, ಒಟ್ಟು 13 ಟನ್. ಡಬ್ಲ್ಯುಪಿಯ ಗರಿಷ್ಠ ಎಳೆತವೇ 14 ಟನ್ನಿನ ಒಳಗೆ, ಅದೂ ಹೊರಡುವ ಗಳಿಗೆಯದು. ಮಂಜು ಬಿದ್ದು ಒದ್ದೆಯಾದ ಹಳಿಯ ಮೇಲೆ ಅದರ ಗಾಲಿಗಳು 11 ಟನ್ ದಾಟುವ ಮೊದಲೇ ಜಾರುತ್ತವೆ. ಇನ್ನೂ ಅಪಾಯದ ಸಂಗತಿ ಬಾಯ್ಲರಿನ ಒಳಗಿದೆ. ಎಂಟು ಮೀಟರ್ ಉದ್ದದ ಬಾಯ್ಲರ್ ಈ ಏರಿನಲ್ಲಿ ನಿಂತಾಗ ಮುಂದಿನ ತುದಿಗೂ ಹಿಂದಿನ ತುದಿಗೂ ನೀರಿನ ಮಟ್ಟದಲ್ಲಿ 16 ಸೆಂ.ಮೀ. ವ್ಯತ್ಯಾಸ. ಏರುವಾಗ ನೀರೆಲ್ಲ ಹಿಂದಕ್ಕೆ ಸರಿದು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ತುಂಬಿದಂತೆ ಕಾಣುತ್ತದೆ. ಏರು ಮುಗಿದು ಮೂತಿ ತಗ್ಗಿದ ಕೂಡಲೇ ನೀರು ಮುಂದಕ್ಕೆ ಓಡಿ, ಬೆಂಕಿಪೆಟ್ಟಿಗೆಯ ನೆತ್ತಿ ಬರಿದಾಗುತ್ತದೆ. ಆಗ ನೆತ್ತಿಯಲ್ಲಿ ರಕ್ಷಣೆಗೆಂದು ಕೂರಿಸಿದ ಸೀಸದ ಪ್ಲಗ್ ಕರಗಿ ಉಗಿ ಬೆಂಕಿಯ ಮೇಲೆ ಸುರಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಪ್ಲಗ್ ಕರಗದಿದ್ದರೆ ಬಾಯ್ಲರೇ ಸಿಡಿಯಬಹುದು. ಆದ್ದರಿಂದ ಮೂರನೇ ದಿನ ಉಗಿ ಎಂಜಿನ್ ಕಬಕ ಪುತ್ತೂರಿನವರೆಗೆ ಎಳೆಯಲಿ. ಅಲ್ಲಿಂದ ಮುಂದೆ ಡೀಸೆಲ್. ಎಡಕುಮೇರಿ, ಶಿರಿಬಾಗಿಲಿನ ಸೊಬಗಿಗೆ ಹೊಗೆಯ ಹಂಗಿಲ್ಲ.

ಕಲ್ಲಿದ್ದಲು ಪಣಂಬೂರಿನ ಬಂದರಿಗೆ ಹಡಗುಗಟ್ಟಲೆ ಬರುತ್ತದೆ, ಅದನ್ನೇ ಹಾಕಿದರಾಯಿತು ಎಂದು ಯಾರಾದರೂ ಹೇಳಬಹುದು. ವಿದ್ಯುತ್ ಸ್ಥಾವರದವರಿಗೆ ಅದನ್ನು ಪುಡಿ ಮಾಡಿಯೇ ಉರಿಸಬೇಕು, ನಮಗೆ ಮುಷ್ಟಿ ಗಾತ್ರದ ಉಂಡೆ ಬೇಕು. ಪುಡಿ ಹಾಕಿದರೆ ಅರ್ಧ ಜಾಲರಿಯಿಂದ ಕೆಳಗೆ ಉದುರುತ್ತದೆ, ಉಳಿದರ್ಧ ಗಟ್ಟಿ ಕಿಟ್ಟವಾಗಿ ಗಾಳಿ ತಡೆಯುತ್ತದೆ, ಉಗಿಯ ಒತ್ತಡ ಇಳಿಯುತ್ತದೆ. ಎಂಜಿನ್ನಿನ ಜೊತೆಯಲ್ಲೇ ಒಂದು ವ್ಯಾಗನ್ ಒಳ್ಳೆಯ ಕಲ್ಲಿದ್ದಲನ್ನೂ ರೇವಾಡಿಯ ಫೈರ್‌ಮನ್‌ಗಳನ್ನೂ ಕಳಿಸುವುದೇ ಲೇಸು.

ಸಮಯ ಡಿಸೆಂಬರ್ ಮೊದಲ ಹದಿನೈದು ದಿನ. ಆಗ ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿ ಮುಗಿದಿರುತ್ತದೆ, ಹಳಿಬದಿಯ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಫೆಬ್ರವರಿಗೆ ಹಾಕಿದರೆ ಚಿಮಣಿಯ ಕಿಡಿಗೆ ಗುಡ್ಡವೇ ಹೊತ್ತಿಕೊಂಡೀತು. ಕ್ರಿಸ್‌ಮಸ್ ರಜೆಯಲ್ಲಿ ವಿಶೇಷ ರೈಲುಗಳ ಒತ್ತಡ, ಸಮಸಂಖ್ಯೆಯ ವರ್ಷಗಳ ಜನವರಿಯಲ್ಲಿ ಉಡುಪಿಯಲ್ಲಿ ಪರ್ಯಾಯ ಉತ್ಸವ. ಡಿಸೆಂಬರಿನಲ್ಲೂ ಚಂಪಾಷಷ್ಠಿ ಯಾವಾಗ ಬೀಳುತ್ತದೆ ನೋಡಿ, ಆ ದಿನಗಳಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣ ತುಂಬಿರುತ್ತದೆ.

ಫೋಟೋ ತೆಗೆಯಲು ರೈಲು ನಿಲ್ಲಿಸಿ, ಜನರನ್ನು ಇಳಿಸಿ, ರೈಲನ್ನು ಹಿಂದಕ್ಕೆ ಒಯ್ದು ಮತ್ತೆ ಜೋರಾಗಿ ಓಡಿಸುವುದು ಇಂಥ ಪ್ರವಾಸಗಳ ಜೀವಾಳ. ಅದನ್ನು ಎರಡು ನಿಲ್ದಾಣಗಳ ನಡುವೆ ಮಾಡದೆ, ಬಾರ್ಕೂರು, ಸೇನಾಪುರದಂಥ ನಿಲ್ದಾಣಗಳ ಒಳಗೇ ಹಗ್ಗ ಕಟ್ಟಿ, ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಸಿಬ್ಬಂದಿ ನಿಲ್ಲಿಸಿ ಮಾಡಬಹುದು. ಟಿಕೆಟ್ ಕೊಂಡವರನ್ನು ಹಿಡಿದಿಡುವುದು ಕಷ್ಟವಲ್ಲ. ಮೊಬೈಲ್ ಹಿಡಿದು ಹಳಿಗೆ ಇಳಿಯುವ ಊರವರನ್ನು ತಡೆಯಲು ಪಂಚಾಯಿತಿ ಮಟ್ಟದಲ್ಲೇ ಮುಂಚಿತವಾಗಿ ತಿಳಿಸಬೇಕು.

ಇಷ್ಟಕ್ಕೂ ನಿಮ್ಮ ಕೈಯೇ ಬೇಕಾಗಿರುವುದು ಏಕೆಂದರೆ, ಮಂಗಳೂರಿನ ಎರಡೂ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ, ಘಾಟಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ತೋಕೂರಿನಿಂದಾಚೆ ಕೊಂಕಣ ರೈಲ್ವೆ ನಿಗಮ. ಎಂಜಿನ್ ಇರುವುದು ಉತ್ತರ ರೈಲ್ವೆಯಲ್ಲಿ. ಇಷ್ಟೂ ಕಡೆಗೆ ಬೇರೆಬೇರೆ ಅರ್ಜಿ ಹಾಕಿದರೆ ಒಂದರ ಒಪ್ಪಿಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. ವಿಶೇಷ ರೈಲು ಬಾಡಿಗೆಗೆ ಪಡೆಯುವ ಎಫ್‌ಟಿಆರ್ ನಿಯಮವೂ ನಮಗೆ ಒಗ್ಗುವುದಿಲ್ಲ. ಕನಿಷ್ಠ 18 ಬೋಗಿಗಳ ಬಾಡಿಗೆ ಕಟ್ಟಬೇಕು ಎಂಬುದು ಮದುವೆ ದಿಬ್ಬಣಕ್ಕೆ, ತೀರ್ಥಯಾತ್ರೆಗೆ ಸರಿ. ಏಳು ಬೋಗಿಯ ಉಗಿರೈಲಿಗೆ ಆ ಷರತ್ತು ಸಡಿಲಿಸಿ ಆದೇಶ ಹೊರಡಿಸಬೇಕು.

ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ. ಎಲ್ಲ ವಲಯಗಳ ಆಪರೇಟಿಂಗ್, ಮೆಕ್ಯಾನಿಕಲ್, ಟ್ರಾಕ್ಷನ್, ಸೇತುವೆ ಎಂಜಿನಿಯರುಗಳು ಒಂದೇ ತಪಾಸಣಾ ಗಾಡಿಯಲ್ಲಿ ಮಂಗಳೂರು ಜಂಕ್ಷನ್‌ನಿಂದ ಹೊನ್ನಾವರದವರೆಗೆ ಹೋಗಿಬರಲಿ. ಈ ತಪಾಸಣೆ ಮೇ ತಿಂಗಳೊಳಗೆ ಮುಗಿದರೆ ಮಳೆಗಾಲದಲ್ಲಿ ಐಸೊಲೇಟರ್ ಕೆಲಸಕ್ಕೆ ಗುತ್ತಿಗೆ ಕರೆದು, ನವೆಂಬರಿನಲ್ಲಿ ಮಂಗಳೂರು–ಉಡುಪಿ ನಡುವೆ ಪ್ರಯಾಣಿಕರಿಲ್ಲದೆ ಒಂದು ಪರೀಕ್ಷಾ ಓಟ ನಡೆಸಲು ಸಮಯ ಸಿಗುತ್ತದೆ. ಜೂನ್‌ಗೆ ಹೋದರೆ ಆ ವರ್ಷದ ಡಿಸೆಂಬರ್ ಕೈತಪ್ಪಿದಂತೆಯೇ.

ವಂದನೆಗಳೊಂದಿಗೆ,
ಮಂಗಳೂರು ಮತ್ತು ಉಡುಪಿಯ ರೈಲುಪ್ರಿಯರು