ಕಾರು ಬೇಡವೆಂದರೆ ಸಾಲವನ್ನೂ ಬೇಡವೆನ್ನಬೇಕು

ಹಾಸನ
ಭಾನುವಾರ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಾಲ ಮಾಡಿ ಕೊಳ್ಳಲು ಹೊರಟ ಹಳೇ ಕಾರನ್ನು ಬಿಡಬೇಕೇ ಎಂದು ಕೇಳಿದ್ದ ನಿನ್ನ ಮೆಸೇಜು ನೋಡಿದೆ. ಸರ್ವಿಸ್ ದಾಖಲೆಯಲ್ಲಿ 78,000 ಕಿಲೋಮೀಟರ್ ದಾಟಿರುವ ಕಾರು ಮೀಟರಿನಲ್ಲಿ 52,000 ತೋರಿಸುತ್ತಿದ್ದರೆ ಬಿಡುವುದೇ ಸರಿ. ಅಡ್ವಾನ್ಸ್ ಹೋಗುತ್ತದೆಂದು ಹೆದರಿ ಮುಂದುವರಿಯಬೇಡ. ಗಾಡಿ ಇನ್ನೂ ಅವರ ಯಾರ್ಡಿನಲ್ಲೇ ಇರುವುದು ಒಳ್ಳೆಯದಾಯಿತು. ಡೆಲಿವರಿ ಚೀಟಿಗೆ ಸಹಿ ಹಾಕಲೇಬೇಡ. ಹಳೇ ಕಾರನ್ನು ಮೂರು ದಿನದೊಳಗೆ ಹಿಂದಿರುಗಿಸಬಹುದೆಂಬ ಕಾನೂನೇನೂ ನಮ್ಮಲ್ಲಿಲ್ಲ.

ಡೀಲರ್ ಫೈನಾನ್ಸ್ ಮಾಡಿಸಿಕೊಟ್ಟರೂ ಸಾಲದ ಕರಾರು ಇರುವುದು ನಿನಗೂ ಫೈನಾನ್ಸ್ ಕಂಪನಿಗೂ ನಡುವೆ. "ನಾವೇ ಹೇಳ್ತೀವಿ ಬಿಡಿ" ಎಂದರೆ ನಂಬಿ ಕೂರಬೇಡ. ನಾಳೆ ಬೆಳಿಗ್ಗೆ ಮೊದಲು ಕಂಪನಿಯ ಶಾಖೆಗೆ ಹೋಗು, ಡೀಲರ್ ಹತ್ತಿರ ಆಮೇಲೆ. ಹಣ ಬಿಡುಗಡೆಯಾಗಿದೆಯೇ ಎಂದು ಕೇಳು. ಬರೀ ಮಂಜೂರಾಗಿದ್ದರೆ ಕೆಲಸ ಸುಲಭ: ಅರ್ಜಿ ನಂಬರ್, ಗಾಡಿ ನಂಬರ್ ಬರೆದು, ಸಾಲ ಬೇಡ, ಹಣ ಬಿಡುಗಡೆ ಮಾಡಬೇಡಿ ಎಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊ. ಅದನ್ನೇ ಇಮೇಲ್ ಕೂಡ ಮಾಡು. ಪ್ರೊಸೆಸಿಂಗ್ ಫೀ ವಾಪಸ್ ಬರದೇ ಇರಬಹುದು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ, ಬಡ್ಡಿ, ಶುಲ್ಕ, ಷರತ್ತುಗಳ ಸಾರಾಂಶದ ಹಾಳೆಯಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡುವುದು ಕಡ್ಡಾಯ. ಅದರಲ್ಲಿ ಇಲ್ಲದ ಶುಲ್ಕವನ್ನು ನಿನ್ನ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಸಾಲ ಮೊಬೈಲ್ ಆ್ಯಪಿನಲ್ಲೇ ಆಗಿದ್ದರೆ, ದಂಡವಿಲ್ಲದೆ ಹಿಂದೆ ಸರಿಯಲು ಕನಿಷ್ಠ ಒಂದು ದಿನದ ಅವಧಿ ಅದೇ ಹಾಳೆಯಲ್ಲಿ ಇರುತ್ತದೆ, ಹುಡುಕಿ ನೋಡು.

ಹಣ ಬಿಡುಗಡೆಯಾಗಿಬಿಟ್ಟಿದ್ದರೆ ಅದು ಸಾಮಾನ್ಯವಾಗಿ ನೇರ ಡೀಲರ್ ಖಾತೆಗೆ ಹೋಗಿರುತ್ತದೆ. ಅವರು ಅದನ್ನು ನಿನ್ನ ಸಾಲದ ಖಾತೆಗೇ ತಿರುಗಿ ಕಟ್ಟಬೇಕು, ನಿನ್ನ ಕೈಗಲ್ಲ. ಅಲ್ಲಿಯವರೆಗೆ ಬಡ್ಡಿ ಓಡುತ್ತಿರುತ್ತದೆ. ಅದನ್ನು ಯಾರು ಭರಿಸಬೇಕೆಂದು ಬರಹದಲ್ಲೇ ತೀರ್ಮಾನಿಸಿಕೊ. ಎಷ್ಟೋ ಜನ ಎಡವುವುದು ಇಲ್ಲೇ: ಕಾರು ಬೇಡ ಎಂದಾಯಿತಲ್ಲ ಎಂದು ಕಂತು ನಿಲ್ಲಿಸಿಬಿಡುತ್ತಾರೆ. ಸಿಬಿಲ್ ಅಂಕ, ಅಂದರೆ ಸಾಲ ತೀರಿಸಿದ ದಾಖಲೆ, ಕೆಡುವುದು ಅವರದೇ, ಡೀಲರದ್ದಲ್ಲ. ಸಾಲ ಮುಗಿದ ಪತ್ರ ಕೈಸೇರುವ ತನಕ ಕಂತಿನ ದಿನ ಖಾತೆಯಲ್ಲಿ ಹಣವಿರಲಿ. ಪತ್ರ ಬಂದ ಮೇಲೆ ಬ್ಯಾಂಕಿನಲ್ಲಿ ನ್ಯಾಚ್ ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಕೊಟ್ಟ ಅನುಮತಿ) ರದ್ದು ಮಾಡಿಸು, ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕುಗಳನ್ನು ಎಣಿಸಿ ವಾಪಸ್ ತೆಗೆದುಕೊ.

ಫಾರಂ 30, 34ಕ್ಕೂ ಸಹಿ ಹಾಕಿದ್ದೀಯ ಅಂದೆ. ಮೊದಲನೆಯದು ಮಾಲೀಕತ್ವ ವರ್ಗಾವಣೆಗೆ, ಎರಡನೆಯದು ಆರ್‌ಸಿಯಲ್ಲಿ ಸಾಲದ ನಮೂದಿಗೆ. ಎರಡನ್ನೂ ಮೂಲ ಪ್ರತಿಯಲ್ಲೇ ಹಿಂದಕ್ಕೆ ಪಡೆ. ಆ ಕೆಎ-13 ಗಾಡಿಯ ವಿವರ ಸರ್ಕಾರದ ವಾಹನ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡುತ್ತಿರು. ನಿನ್ನ ಹೆಸರಿಗೆ ಬಂದುಬಿಟ್ಟಿದ್ದರೆ ಸಾಲದ ನಮೂದು ತೆಗೆಸಲು ಫಾರಂ 35, ಮತ್ತೆ ವರ್ಗಾವಣೆ, ಎಲ್ಲಕ್ಕೂ ಆರ್‌ಟಿಒ ಅಲೆಯಬೇಕು. ಸಾಲದ ಜೊತೆ ಜೀವವಿಮೆ ಅಂಟಿಸಿದ್ದರೆ ಪಾಲಿಸಿ ಬಂದ 30 ದಿನದೊಳಗೆ ಬೇಡವೆನ್ನಬಹುದು.

ಇನ್ನು ಅಡ್ವಾನ್ಸ್ 20,000. ಡೀಲರಿಗೆ ಕೊಡುವ ಪತ್ರದಲ್ಲಿ "ಮನಸ್ಸು ಬದಲಾಯಿತು" ಎಂದು ಅಪ್ಪಿತಪ್ಪಿಯೂ ಬರೆಯಬೇಡ. ಹಾಗೆ ಬರೆದರೆ ರಸೀದಿಯ ಷರತ್ತು ತೋರಿಸಿ ಹಿಡಿದುಕೊಳ್ಳಲು ಅವರಿಗೆ ದಾರಿಯಾಗುತ್ತದೆ. ಮೀಟರಿನ ಲೆಕ್ಕ ಬರೆ; ಸರ್ವಿಸ್ ದಾಖಲೆಯ ಪ್ರತಿ, ಡ್ಯಾಶ್‌ಬೋರ್ಡಿನ ಫೋಟೊ ಲಗತ್ತಿಸು. ತಪ್ಪು ಮಾಹಿತಿ ನಂಬಿ ಒಪ್ಪಿದ ಕರಾರನ್ನು ರದ್ದುಪಡಿಸಲು 1872ರ ಕರಾರು ಕಾಯ್ದೆಯ 19ನೇ ಕಲಂ ಅವಕಾಶ ಕೊಡುತ್ತದೆ. 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಫೈನಾನ್ಸ್ ಕಂಪನಿ 30 ದಿನವಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಬರೆಯಬಹುದು, ವಿಚಾರಿಸಲು 14448.

ಪತ್ರದ ಕರಡು ಇವತ್ತೇ ರಾತ್ರಿ ಕಳಿಸು, ತಿದ್ದಿ ಕೊಡುತ್ತೇನೆ. ಅಮ್ಮನಿಗೆ ವಿಷಯ ಹೇಳಿಬಿಡು ಮಗೂ, ಮುಚ್ಚಿಡಬೇಡ.

ನಿನ್ನ ದೊಡ್ಡಮ್ಮ