ಹಾಪರ್ ಕೆಲಸದ ಬಾಕಿ ಕೂಲಿ ₹1,20,250 ಪಾವತಿಸುವ ಬಗ್ಗೆ ದೂರು ಪತ್ರ

ದಿನಾಂಕ: 07-07-2025

ಇಂದ,
ಫ್ಯಾಬ್ರಿಕೇಶನ್ ಗುತ್ತಿಗೆದಾರರು, ಗಂಗಾವತಿ, ಕೊಪ್ಪಳ ಜಿಲ್ಲೆ

ಗೆ,
ವ್ಯವಸ್ಥಾಪಕ ನಿರ್ದೇಶಕರು, ಅಕ್ಕಿ ಗಿರಣಿ ಪ್ರೈವೇಟ್ ಲಿಮಿಟೆಡ್, ಕಾರಟಗಿ

ವಿಷಯ: 10-10-2024ರ ವರ್ಕ್ ಆರ್ಡರಿನ ಎರಡು ಬಿಲ್‌ಗಳ ಬಾಕಿ ಹಾಗೂ ಬಡ್ಡಿ.

ಮಾನ್ಯರೇ,

ನಿಮ್ಮ ಗಿರಣಿಯ ಆರು ಭತ್ತದ ಹಾಪರ್‌ಗಳ (ಭತ್ತ ಸುರಿಯುವ, ಕೆಳಕ್ಕೆ ಕಿರಿದಾಗುವ ಕಬ್ಬಿಣದ ತೊಟ್ಟಿ) ಕೆಲಸ ಮತ್ತು ಎಲಿವೇಟರ್ (ಭತ್ತ ಮೇಲೆತ್ತುವ ಯಂತ್ರ) ದುರಸ್ತಿ 22-11-2024ಕ್ಕೆ ಮುಗಿದಿವೆ. ಜಂಟಿ ಅಳತೆ ಹಾಳೆಗೆ ನಿಮ್ಮ ಮೆಕ್ಯಾನಿಕಲ್ ಸೂಪರ್‌ವೈಸರ್ ಅಂದೇ ಸಹಿ ಹಾಕಿದ್ದಾರೆ. ಎರಡೂ ಬಿಲ್ 25ನೇ ತಾರೀಕು ನಿಮ್ಮ ಕಚೇರಿಯಲ್ಲಿ ಇನ್‌ವರ್ಡ್ ಆಗಿವೆ. ಅಕ್ಟೋಬರ್ 14ರಂದು ಕೊಟ್ಟ ₹40,000 ಮುಂಗಡ (ಮೂಲದಲ್ಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್ ಹೋಗಿ ಕೈಗೆ ಬಂದದ್ದು ₹39,600) ಬಿಟ್ಟರೆ ಈವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಕೇಳಿದಾಗಲೆಲ್ಲ ಒಂದೊಂದು ಕಾರಣ ಹೇಳಿದ್ದೀರಿ. ಈ ಪತ್ರದಲ್ಲಿ ಆ ಕಾರಣಗಳಿಗೆ ಉತ್ತರವಿದೆ, ಕೊನೆಗೆ ಲೆಕ್ಕವಿದೆ.

ಮೊದಲು ತೂಕದ ವಿಚಾರ, ಹಾಪರಿನ ಕೂಲಿ ತೂಕದ ಮೇಲೆ ಇರುವುದರಿಂದ. ನಿಮ್ಮ ಅಕೌಂಟ್ಸ್ ವಿಭಾಗ 18-03-2025ರಂದು ಕಳಿಸಿದ ಹಾಳೆಯಲ್ಲಿ ನಮ್ಮ ಬಿಲ್ಲಿನ 5,641.6 ಕೆ.ಜಿ. ಇದ್ದದ್ದು 4,920.6 ಕೆ.ಜಿ. ಆಗಿದೆ. ಕೆ.ಜಿ.ಗೆ ₹22ರಂತೆ ₹15,861 ಕಡಿತ. ಇದರಲ್ಲಿ ತಪ್ಪು ಎರಡು ಕಡೆ ಆಗಿದೆ.

ಒಂದು, ಹಾಪರಿನ ಇಳಿಜಾರು. ಪ್ರತಿ ಹಾಪರಿಗೆ ಮೇಲೆ 2 ಮೀಟರ್ ಚೌಕ, 0.55 ಮೀಟರ್ ನೇರ ಗೋಡೆ, ಅದರ ಕೆಳಗೆ 0.3 ಮೀಟರ್ ಬಾಯಿಗೆ ಇಳಿಯುವ ನಾಲ್ಕು ಓರೆ ಪ್ಲೇಟು. ಓರೆ ಭಾಗದ ನೇರ ಎತ್ತರ 1.2 ಮೀಟರ್. ಆದರೆ ಪ್ಲೇಟು ಕತ್ತರಿಸುವುದು ಓರೆ ಉದ್ದಕ್ಕೆ. ಅಡ್ಡ ಸರಿತ (2 ಮತ್ತು 0.3ರ ಅಂತರದ ಅರ್ಧ) 0.85 ಮೀಟರ್ ಸೇರಿಸಿ ಲೆಕ್ಕ ಹಾಕಿದರೆ ಆ ಉದ್ದ 1.47 ಮೀಟರ್ ಬರುತ್ತದೆ. ನಿಮ್ಮವರು ಡ್ರಾಯಿಂಗಿನಲ್ಲಿ ಕಂಡ 1.2 ಅನ್ನೇ ಹಿಡಿದಿದ್ದಾರೆ. ಇದರಿಂದ ಹಾಪರಿಗೆ 1.244 ಚದರ ಮೀಟರ್ ಪ್ಲೇಟು ಲೆಕ್ಕದಿಂದ ಬಿಟ್ಟುಹೋಗಿದೆ. 5 ಎಂ.ಎಂ. ಪ್ಲೇಟು ಚದರ ಮೀಟರಿಗೆ 39.25 ಕೆ.ಜಿ. ತೂಗುತ್ತದೆ (ಒಂದು ಎಂ.ಎಂ. ದಪ್ಪಕ್ಕೆ 7.85). ಅಂದರೆ ಹಾಪರಿಗೆ 48.8 ಕೆ.ಜಿ., ಆರಕ್ಕೆ 293 ಕೆ.ಜಿ. ನೇರ ಎತ್ತರಕ್ಕೆ ಪ್ಲೇಟು ಕತ್ತರಿಸಿದ್ದರೆ ನಾಲ್ಕು ಮಗ್ಗುಲು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಟೇಪು ಹಿಡಿದು ಹಾಪರಿನ ಹೊರಮೈ ಅಳೆದರೆ ಐದು ನಿಮಿಷದಲ್ಲಿ ಗೊತ್ತಾಗುವ ಮಾತಿದು.

ಎರಡು, ಶೇ. 8 ‘ಕಟಿಂಗ್ ವೇಸ್ಟೇಜ್’. ಮಾಲು ಗುತ್ತಿಗೆದಾರನದೇ ಆಗಿದ್ದಾಗ ಕತ್ತರಿಸಿ ಉಳಿದ ತುಂಡು ಯಾರ ಲೆಕ್ಕಕ್ಕೆ ಎಂದು ಇಂಥ ಶೇಕಡಾವಾರು ಹಾಕುತ್ತಾರೆ. ಇಲ್ಲಿ ಪ್ಲೇಟು, ಆ್ಯಂಗಲ್, ಬೀಮು, ಚಾನೆಲ್ ಎಲ್ಲವೂ ನಿಮ್ಮ ಸ್ಟೋರಿನವು. ನಮ್ಮದು ಕೂಲಿ, ರಾಡು, ಗ್ಯಾಸು. ಬಿಲ್ ಮಾಡಿದ್ದು ಕೆಲಸ ಮುಗಿದ ಮೇಲಿನ ಅಳತೆಗೆ. ವೇಸ್ಟೇಜ್ ಅದರಲ್ಲಿ ಮೊದಲೇ ಇಲ್ಲ, ಇಲ್ಲದ್ದನ್ನು ಕಳೆಯುವುದು ಹೇಗೆ? ತಾಳೆ ನೋಡಬೇಕೆಂದರೆ ನಿಮ್ಮ ಸ್ಟೋರ್ ಪುಸ್ತಕವೇ ಸಾಕು. ಕೊಟ್ಟ ಕಬ್ಬಿಣ 5,940 ಕೆ.ಜಿ., ವೇ ಬ್ರಿಡ್ಜ್ ಚೀಟಿಯೊಂದಿಗೆ ವಾಪಸ್ ಕೊಟ್ಟ ಗುಜರಿ 262 ಕೆ.ಜಿ., ಬಳಕೆ 5,678 ಕೆ.ಜಿ. ನಮ್ಮ ಬಿಲ್ಲಿಗೂ ಇದಕ್ಕೂ ಇರುವ ಅಂತರ 36 ಕೆ.ಜಿ. ಮಾತ್ರ. ಗ್ಯಾಸ್ ಕಟಿಂಗಿನಲ್ಲಿ ಉರಿದು ಹೋಗುವ ಅಂಚು ಮತ್ತು ಚಿಲ್ಲರೆ ಚೂರುಗಳ ಲೆಕ್ಕ ಅದು. ನಿಮ್ಮ 4,920 ಕೆ.ಜಿ. ನಿಜವಾದರೆ 757 ಕೆ.ಜಿ. ಕಬ್ಬಿಣ ನಿಮ್ಮ ಗೇಟು ದಾಟಿ ಎಲ್ಲಿಗೆ ಹೋಯಿತು ಎಂಬುದಕ್ಕೆ ನಿಮ್ಮ ಸ್ಟೋರ್ ಉತ್ತರ ಕೊಡಬೇಕಾಗುತ್ತದೆ.

ಇಷ್ಟೆಲ್ಲ ವಾದದ ಅಗತ್ಯವೂ ಇರಲಿಲ್ಲ. ನಮ್ಮ ಪ್ಯಾನ್‌ನ 26ಎಎಸ್ (ನಮ್ಮ ಹೆಸರಿಗೆ ಕಟ್ಟಿದ ತೆರಿಗೆಯ ಸರ್ಕಾರಿ ಪಟ್ಟಿ) ತೆಗೆದು ನೋಡಿದರೆ, 2024ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ನಿಮ್ಮ ಟ್ಯಾನ್‌ನಿಂದ (ತೆರಿಗೆ ಹಿಡಿಯುವವರ ಸಂಖ್ಯೆ) ಗುತ್ತಿಗೆ ಪಾವತಿಯ ಕಲಂ 194ಸಿ ಅಡಿ ಎರಡು ನಮೂದು ಇವೆ: 14-10-2024ಕ್ಕೆ ₹40,000, 30-11-2024ಕ್ಕೆ ₹1,21,465. ಒಟ್ಟು ₹1,61,465, ಅದರ ಶೇ. 1 ₹1,615 ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮಾ. ಹಣ ಕೊಡದಿದ್ದರೂ ಟಿಡಿಎಸ್ ಕಟ್ಟಿದ್ದೀರಿ ಎಂದರೆ ಬಿಲ್ಲಿನ ಪೂರ್ತಿ ಮೊತ್ತವನ್ನು ನಮ್ಮ ಖಾತೆಗೆ ನಿಮ್ಮ ಪುಸ್ತಕದಲ್ಲಿ ಜಮಾ ಬರೆದಿದ್ದೀರಿ ಎಂದೇ ಅರ್ಥ. ಮೊತ್ತ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ. ಓರೆ ಉದ್ದವೂ ಶೇ. 8ರ ಮಾತೂ ಹುಟ್ಟಿದ್ದು ಆ ಜಮಾ ಬರೆದು ಮೂರೂವರೆ ತಿಂಗಳಾದ ಮೇಲೆ. ಫೆಬ್ರವರಿ 15ರೊಳಗೆ ಕೊಡಬೇಕಿದ್ದ ಟಿಡಿಎಸ್ ಪ್ರಮಾಣಪತ್ರ ಫಾರ್ಮ್ 16ಎ ಕೂಡ ಬಂದಿಲ್ಲ, ಅದನ್ನೂ ಕಳಿಸಿ.

ಇನ್ನೊಂದು. ನಿಮ್ಮ ಹಾಳೆಯನ್ನೇ ಒಪ್ಪಿದರೂ ಹಾಪರಿಗೆ ₹1,08,254, ತಕರಾರೇ ಇಲ್ಲದ ಎಲಿವೇಟರ್ ಬಿಲ್ಲಿಗೆ ₹37,350. ಟಿಡಿಎಸ್, ಮುಂಗಡ ಕಳೆದರೆ ನಿಮ್ಮ ಲೆಕ್ಕದಲ್ಲೇ ₹1,04,548 ಕೊಡಬೇಕು. ಅದನ್ನಾದರೂ ಯಾಕೆ ತಡೆದಿದ್ದೀರಿ?

ಉಳಿದ ಕಾರಣಗಳಿಗೆ ಚಿಕ್ಕ ಉತ್ತರ. ಜಿಎಸ್‌ಟಿ ಬಿಲ್ ಇಲ್ಲದೆ ಪಾವತಿ ಆಗಲ್ಲ ಅಂದಿರಿ. ನಮ್ಮ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿಲ್ಲ, ಸೇವೆಗೆ ಆ ಮಿತಿಯ ಒಳಗೆ ನೋಂದಣಿ ಬೇಕಿಲ್ಲ, ಸಾದಾ ಬಿಲ್ ಸಾಕು. ತುಂಗಭದ್ರಾ ಗೇಟು ಹೋಗಿ ಸೀಸನ್ ಕೆಟ್ಟಿತು ಅಂದಿರಿ. 19ನೇ ಗೇಟು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ, ವಾರದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಇಳಿಸಿ ನೀರು ನಿಲ್ಲಿಸಿದರು. ನೀವು ವರ್ಕ್ ಆರ್ಡರ್ ಕೊಟ್ಟದ್ದು ಅದಾದ ಎರಡು ತಿಂಗಳಿಗೆ, ‘ಮುಂಗಾರು ಭತ್ತ ಬರುವುದರೊಳಗೆ ಮುಗಿಸಿ’ ಎಂಬ ಸಾಲಿನೊಂದಿಗೆ. ಲೇಬರ್ ಆಫೀಸಿಗೆ ಹೋಗಿ ಎಂಬ ಸಲಹೆಯೂ ಬಂತು. ನಾವು ನಿಮ್ಮ ನೌಕರರಲ್ಲ, ತೂಕದ ದರಕ್ಕೆ ಕೆಲಸ ಮಾಡಿದ ಗುತ್ತಿಗೆದಾರರು. ನಮ್ಮ ವೆಲ್ಡರು, ಹೆಲ್ಪರುಗಳ ಪಗಾರ ನಾವು ಆಗಲೇ ಕೊಟ್ಟಿದ್ದೇವೆ.

ನಮಗೆ ಅನ್ವಯವಾಗುವುದು ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ 2006. ನಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) 2022ರದು, ಅಂದರೆ ನಿಮ್ಮ ವರ್ಕ್ ಆರ್ಡರಿಗಿಂತ ಹಿಂದಿನದು. ಅದರ ಸಂಖ್ಯೆ ಬಿಲ್ಲಿನ ತಲೆಯಲ್ಲೇ ಇದೆ. ನಿಮ್ಮ ಆರ್ಡರಿನ ಹಿಂಬದಿಯಲ್ಲಿ ‘ಪಾವತಿ 90 ದಿನ’ ಎಂದು ಅಚ್ಚಾಗಿದ್ದರೂ ಕಲಂ 15ರಂತೆ ಸ್ವೀಕಾರದ ದಿನದಿಂದ 45 ದಿನ ಮೀರುವ ಕರಾರು ನಡೆಯದು. ಕೆಲಸ ಒಪ್ಪಿಸಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಒಪ್ಪಿಸಿದ ದಿನವೇ ಸ್ವೀಕಾರದ ದಿನ. ಹಾಗಾಗಿ ಗಡುವು 06-01-2025ಕ್ಕೆ ಮುಗಿದಿದೆ. ಕಲಂ 16ರಂತೆ ಮಾರನೇ ದಿನದಿಂದ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ.

ಬ್ಯಾಂಕ್ ದರವೆಂದರೆ ರೆಪೋ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ದರ) ಅಲ್ಲ, ಅದಕ್ಕಿಂತ ಕಾಲು ಪರ್ಸೆಂಟ್ ಹೆಚ್ಚು; ಈ ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಜನವರಿಯಲ್ಲಿ ಅದು 6.75, ಫೆಬ್ರವರಿ 7ರಿಂದ 6.50, ಏಪ್ರಿಲ್ 9ರಿಂದ 6.25, ಜೂನ್ 6ರಿಂದ 5.75. ಮೂರು ಪಟ್ಟು ಎಂದರೆ ಕ್ರಮವಾಗಿ 20.25, 19.50, 18.75, 17.25. ಜನವರಿ 7ರಿಂದ ಜುಲೈ 6ರವರೆಗೆ ಆರು ತಿಂಗಳ ಲೆಕ್ಕ ಹೀಗೆ: ಮೊದಲ ತಿಂಗಳು ₹2,029, ಆಮೇಲೆ ₹1,987, ₹2,019, ₹1,973, ₹2,004, ₹1,873. ಒಟ್ಟು ಬಡ್ಡಿ ₹11,885. ತಿಂಗಳ ನಡುವೆ ದರ ಬದಲಾದ ಒಂದೆರಡು ದಿನದ ವ್ಯತ್ಯಾಸವನ್ನು ಹಿಡಿದಿಲ್ಲ.

ಅಸಲು: ಹಾಪರ್ ₹1,24,115 + ಎಲಿವೇಟರ್ ₹37,350 (ಇಬ್ಬರು ವೆಲ್ಡರು ತಲಾ ₹1,100, ಮೂವರು ಹೆಲ್ಪರು ತಲಾ ₹650, 9 ದಿನ, ಗೇಟ್ ರಿಜಿಸ್ಟರ್ ಪ್ರಕಾರ) = ₹1,61,465. ಟಿಡಿಎಸ್ ₹1,615 ಮತ್ತು ಕೈಗೆ ಬಂದ ₹39,600 ಕಳೆದರೆ ₹1,20,250. ಬಡ್ಡಿ ಸೇರಿ ₹1,32,135.

ತಡ ಮಾಡುವುದು ನಿಮಗೂ ಲಾಭದ್ದಲ್ಲ, ಬೇಕಿದ್ದರೆ ಆಡಿಟರನ್ನು ಕೇಳಿ. ಆದಾಯ ತೆರಿಗೆಯ 43ಬಿ(ಎಚ್) ಪ್ರಕಾರ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದ ನಮ್ಮ ಬಿಲ್ಲನ್ನು 2024-25ರ ಖರ್ಚಾಗಿ ತೋರಿಸಲು ಬರುವುದಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ ಬರುತ್ತದೆ. ಬಡ್ಡಿಯಂತೂ ಯಾವ ವರ್ಷವೂ ಖರ್ಚಲ್ಲ. 45 ದಿನ ಮೀರಿದ ಬಾಕಿಯನ್ನು ಏಪ್ರಿಲ್ 30ರೊಳಗೆ ಎಂಎಸ್‌ಎಂಇ-1 ಫಾರ್ಮಿನಲ್ಲಿ ಕಂಪನಿ ತೋರಿಸಬೇಕಿತ್ತು.

ನಿಮ್ಮ ಕಚೇರಿಯಿಂದ ಬಂದ ‘₹80,000 ನಗದು ತಗೊಂಡು ಫುಲ್ ಆ್ಯಂಡ್ ಫೈನಲ್ ಅಂತ ರೆವೆನ್ಯೂ ಸ್ಟ್ಯಾಂಪ್ ಮೇಲೆ ಸಹಿ ಮಾಡಿ’ ಎಂಬ ಮಾತಿಗೆ ಒಪ್ಪಿಗೆ ಇಲ್ಲ. ಎಷ್ಟು ಕೊಟ್ಟರೂ ಅಷ್ಟಕ್ಕೆ, ‘ಭಾಗಶಃ ಪಾವತಿ, ಬಾಕಿ ಉಳಿದಿದೆ’ ಎಂದು ಬರೆದೇ ರಸೀದಿ ಕೊಡುತ್ತೇವೆ. ಅಲ್ಲದೆ ಒಬ್ಬರಿಗೆ ಒಂದು ದಿನದಲ್ಲಿ ₹10,000 ಮೀರಿ ಕೊಟ್ಟ ನಗದು ಆದಾಯ ತೆರಿಗೆಯ 40ಎ(3)ರಂತೆ ನಿಮಗೆ ಖರ್ಚಾಗಿ ಸಿಗದು. ಬ್ಯಾಂಕ್ ಮೂಲಕವೇ ಕಳಿಸಿ.

22-07-2025ರೊಳಗೆ ₹1,32,135 ಬಿಲ್ಲಿನಲ್ಲಿರುವ ಖಾತೆಗೆ ಜಮಾ ಆಗಬೇಕು. ಆಗದಿದ್ದರೆ 23ರಂದು ಕಲಂ 18ರಡಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಆನ್‌ಲೈನ್ ಅರ್ಜಿ ಹಾಕುತ್ತೇವೆ, ಬಡ್ಡಿ ಅಲ್ಲಿಯವರೆಗೂ ಓಡುತ್ತಿರುತ್ತದೆ. ಮಂಡಳಿಯ ತೀರ್ಪನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗುವುದಾದರೆ ಕಲಂ 19ರಂತೆ ತೀರ್ಪಿನ ಮೊತ್ತದ ಶೇ. 75 ಮೊದಲು ಠೇವಣಿ ಇಡಬೇಕು.

ಅಳತೆಯ ಬಗ್ಗೆ ಇನ್ನೂ ಅನುಮಾನವಿದ್ದರೆ ಅದರೊಳಗೆ ಯಾವ ದಿನ ಬೇಕಾದರೂ ಕರೆಯಿರಿ. ನಿಮ್ಮ ಸೂಪರ್‌ವೈಸರ್ ಎದುರಿಗೆ ಒಂದನೇ ಹಾಪರನ್ನು ಟೇಪು ಹಿಡಿದು ಮತ್ತೊಮ್ಮೆ ಅಳೆಯೋಣ.

ಇಂತಿ,
ಫ್ಯಾಬ್ರಿಕೇಶನ್ ಗುತ್ತಿಗೆದಾರರು, ಗಂಗಾವತಿ

ಲಗತ್ತು: ವರ್ಕ್ ಆರ್ಡರ್ (ಎರಡೂ ಬದಿ), ಜಂಟಿ ಅಳತೆ ಹಾಳೆ, ಇನ್‌ವರ್ಡ್ ಮುದ್ರೆಯ ಬಿಲ್ 2, ಗುಜರಿ ವಾಪಸಾತಿಯ ವೇ ಬ್ರಿಡ್ಜ್ ಚೀಟಿ, 26ಎಎಸ್ ಪ್ರತಿ, ಉದ್ಯಮ್ ಪ್ರಮಾಣಪತ್ರ, ಬಡ್ಡಿ ಲೆಕ್ಕ.
(ರಿಜಿಸ್ಟರ್ಡ್ ಅಂಚೆ, ಸ್ವೀಕೃತಿ ಚೀಟಿಯೊಂದಿಗೆ)